ಅನ್ನ ಅಲ್ಲ, ಗಂಜಿ ಕೇಳ್ತಿದ್ರು

1943ರ ಬಂಗಾಳದ ಬರದ ಬಗ್ಗೆ ಓದಿದಾಗಿಂದ ಒಂದು ವಿಷಯ ತಲೆಯಿಂದ ಹೋಗ್ತಾನೇ ಇಲ್ಲ. ಹಳ್ಳಿಗಳಿಂದ ಕಲ್ಕತ್ತಾಗೆ ನಡ್ಕೊಂಡು ಬಂದ ಜನ ಮನೆಗಳ ಮುಂದೆ ನಿಂತು ‘ಫ್ಯಾನ್’ ಕೊಡಿ ಅಂತ ಕೂಗ್ತಿದ್ರು, ಫ್ಯಾನ್ ಅಂದ್ರೆ ಅನ್ನ ಬಸಿದ್ಮೇಲೆ ಪಾತ್ರೆಯಲ್ಲಿ ಉಳಿಯೋ ಗಂಜಿ. ಅನ್ನ ಕೇಳೋಕೂ ಧೈರ್ಯ ಇರ್ಲಿಲ್ಲ ಅವ್ರಿಗೆ. ಚೆಲ್ಲೋದನ್ನಾದ್ರೂ ಕೊಡಿ ಅಂತ ಕೇಳ್ಕೊಂಡು ಎಷ್ಟೋ ಜನ ಅದೇ ಬೀದೀಲಿ ಸತ್ರು.

ಬರ ಅಂದ್ರೆ ಮಳೆ ಇಲ್ಲ, ಬೆಳೆ ಇಲ್ಲ, ಅದಕ್ಕೆ ಊಟ ಇಲ್ಲ ಅಂತ ಅಷ್ಟೇ ಅನ್ಕೊಂಡಿದ್ದೆ ನಾನು. ಅಲ್ಲಿ ಆಗಿದ್ದೇ ಬೇರೆ. ಎರಡನೇ ಮಹಾಯುದ್ಧ ನಡೀತಿದ್ದ 1942ರಲ್ಲಿ ಬರ್ಮಾ ಜಪಾನಿಗಳ ಕೈಗೆ ಹೋಗಿ ಅಲ್ಲಿಂದ ಬರ್ತಿದ್ದ ಅಕ್ಕಿ ನಿಂತೋಯ್ತು, ಅದೇ ವರ್ಷ ಅಕ್ಟೋಬರಲ್ಲಿ ಮೇದಿನಿಪುರದ ಕಡೆ ಚಂಡಮಾರುತ ಹೊಡೀತು, ಶತ್ರುಗಳಿಗೆ ಸಿಗಬಾರ್ದು ಅಂತ ಬ್ರಿಟಿಷ್ ಸರ್ಕಾರ ಕರಾವಳಿಯ ಸಾವಿರಾರು ದೋಣಿ ಕಿತ್ಕೊಂಡ್ಬಿಟ್ಟಿದ್ರಿಂದ ಮೀನುಗಾರರ ದುಡಿಮೆನೂ ಹೋಯ್ತು, ಮೇಲೆ ಯುದ್ಧದ ಖರ್ಚಿಂದ ಅಕ್ಕಿ ರೇಟು ಏರ್ತಾನೇ ಹೋಯ್ತು, ಕೂಲಿ ಮಾತ್ರ ಏರ್ಲಿಲ್ಲ. ಆಗ ಇನ್ನೂ ಚಿಕ್ಕ ಹುಡುಗ ಆಗಿದ್ದ ಅರ್ಥಶಾಸ್ತ್ರಜ್ಞ ಅಮರ್ತ್ಯ ಸೇನ್ ಇದನ್ನ ಕಣ್ಣಾರೆ ನೋಡಿದ್ರು, ದೊಡ್ಡವ್ರಾದ್ಮೇಲೆ ಲೆಕ್ಕ ತೆಗೆದು ಹೇಳಿದ್ದೂ ಅದೇ, ಅಕ್ಕಿ ಇತ್ತು, ಕೊಳ್ಳೋಕೆ ಜನರ ಕೈಲಿ ಕಾಸಿರ್ಲಿಲ್ಲ. ಸತ್ತವ್ರು ಸುಮಾರು 30 ಲಕ್ಷ ಅಂತಾರೆ, ಹೆಚ್ಚಿನವ್ರು ಕೂಲಿಗಳು, ಮೀನುಗಾರರು.

ಐರ್ಲೆಂಡ್ ಕಥೆನೂ ಹೀಗೇ. ಅಲ್ಲಿನ ಬಡವ್ರು ದಿನಾ ಆಲೂಗಡ್ಡೆ, ಮಜ್ಜಿಗೆ ಅಷ್ಟೇ ತಿನ್ತಿದ್ರು, ದುಡಿಯೋ ಗಂಡಸು ಒಂದು ದಿನಕ್ಕೆ ಐದಾರು ಕೆಜಿ ಆಲೂಗಡ್ಡೆ ತಿನ್ತಿದ್ದ! ಅವ್ರೇ ಬೆಳೆದ ಗೋಧಿ, ಓಟ್ಸ್ ಎಲ್ಲಾ ಜಮೀನ್ದಾರನ ಗೇಣಿಗೆ ಹೋಗೋದು. 1845ರಲ್ಲಿ ಆಲೂಗಡ್ಡೆಗೆ ರೋಗ ಬಿದ್ದು ಗಡ್ಡೆ ನೆಲದೊಳಗೇ ಕೊಳೀತು, ಆದ್ರೂ ಧಾನ್ಯ ತುಂಬಿದ ಹಡಗು ಇಂಗ್ಲೆಂಡಿಗೆ ಹೋಗೋದು ನಿಲ್ಲಲಿಲ್ಲ. ಹತ್ತು ಲಕ್ಷ ಜನ ಸತ್ರು. ಇದನ್ನ ಬರೀ ಬೆಳೆ ರೋಗ ಅಂತ ಕರೆಯೋಕೆ ನನಗಂತೂ ಮನಸ್ಸು ಬರಲ್ಲ.

ಫಿನ್ಲೆಂಡಲ್ಲಿ 1860ರ ದಶಕದ ಬರದಲ್ಲಿ ಪೈನ್ ಮರದ ಒಳತೊಗಟೆ ಒಣಗಿಸಿ ಬೀಸಿ ಹಿಟ್ಟಿಗೆ ಬೆರೆಸಿ ಬ್ರೆಡ್ ಮಾಡ್ತಿದ್ರು. 1941ರ ಚಳಿಗಾಲದಲ್ಲಿ ಜರ್ಮನ್ನರು ಸುತ್ತುಗಟ್ಟಿದ್ದ ರಷ್ಯಾದ ಲೆನಿನ್‌ಗ್ರಾಡಲ್ಲಿ ಮಕ್ಕಳಿಗೆ ದಿನಕ್ಕೆ ಸಿಗ್ತಿದ್ದಿದ್ದು 125 ಗ್ರಾಂ ಬ್ರೆಡ್, ಅದ್ರಲ್ಲೂ ಮರದ ಸೆಲ್ಯುಲೋಸ್, ಅಂದ್ರೆ ಮರದ ನಾರು, ಬೆರೆಸಿರ್ತಿದ್ರು.

ಅದೇ ಊರಲ್ಲಿ ಸಸ್ಯ ವಿಜ್ಞಾನಿ ವಾವಿಲೋವ್ ಕಟ್ಟಿದ್ದ ಬೀಜ ಸಂಗ್ರಹ ಇತ್ತು. ಲೋಕದ ಮೂಲೆಮೂಲೆಯಿಂದ ತಂದ ಭತ್ತ, ಗೋಧಿ, ಕಡಲೆಕಾಯಿ, ಎಲ್ಲಾ ತಿನ್ನೋಕೆ ಆಗೋವೇ. ಅಲ್ಲಿನ ವಿಜ್ಞಾನಿಗಳು ಮುಟ್ಟಲಿಲ್ಲ, ಯುದ್ಧ ಮುಗಿದ್ಮೇಲೆ ಬಿತ್ತೋಕೆ ಬೇಕು ಅಂತ ಕಾಯ್ಕೊಂಡು ಕೂತ್ರು. ಭತ್ತದ ತಳಿ ನೋಡ್ಕೊಳ್ತಿದ್ದ ದ್ಮಿತ್ರಿ ಇವಾನೋವ್ ಹಸಿವಿಂದಾನೇ ಸತ್ರು, ಅವ್ರು ಕಾಪಾಡಿದ ಭತ್ತದ ಸಾವಿರಾರು ಪೊಟ್ಟಣ ಹಾಗೇ ಇದ್ವು.