ಶಕುಂತಲಾ ರೈಲು

ಇವತ್ತು ಯಾಕೋ ಶಕುಂತಲಾ ರೈಲು ತಲೆಯಲ್ಲೇ ಕೂತಿದೆ. ಮಹಾರಾಷ್ಟ್ರದ ವಿದರ್ಭದಲ್ಲಿ ಯವತ್ಮಾಳ, ಮೂರ್ತಿಜಾಪುರ, ಅಚಲಪುರ ಅಂತ ಹತ್ತಿ ಬೆಳೆಯುವ ಊರುಗಳ ನಡುವೆ ಓಡುತ್ತಿದ್ದ ಪುಟ್ಟ ರೈಲು ಅದು. ಹಳಿಗಳ ನಡುವೆ ಬರೀ ಎರಡೂವರೆ ಅಡಿ ಅಗಲ. ಬ್ರಿಟಿಷರು ಇದನ್ನು ಹಾಕಿದ್ದು ಜನರಿಗಾಗಿ ಅಲ್ಲ, ಇಲ್ಲಿನ ಹತ್ತಿ ಮುಂಬೈ ಬಂದರು ಸೇರಿ ಅಲ್ಲಿಂದ ಮ್ಯಾಂಚೆಸ್ಟರ್ ಗಿರಣಿಗೆ ಹೋಗಲಿ ಅಂತ. ಎಳೆಯುತ್ತಿದ್ದ ಉಗಿ ಎಂಜಿನ್ ಕೂಡ 1921ರಲ್ಲಿ ಮ್ಯಾಂಚೆಸ್ಟರಿನಲ್ಲೇ ತಯಾರಾದದ್ದು. ಅದು 1994ರವರೆಗೂ ದುಡಿಯಿತು, ಆಮೇಲೆ ಡೀಸೆಲ್ ಬಂತು. ಸ್ವಾತಂತ್ರ್ಯ ಬಂದು ದಶಕಗಳು ಕಳೆದರೂ ಮಾರ್ಗ ಖಾಸಗಿ ಕಂಪನಿಯದ್ದಾಗೇ ಉಳಿದಿತ್ತು, ರೈಲು ಓಡಿಸುತ್ತಿದ್ದದ್ದು ಮಾತ್ರ ನಮ್ಮ ರೈಲ್ವೆ!

ನನಗೆ ಜಾಸ್ತಿ ಇಷ್ಟವಾಗೋದು ಅದರ ಸಿಬ್ಬಂದಿ. ಎಷ್ಟೋ ನಿಲ್ದಾಣಗಳಲ್ಲಿ ಟಿಕೆಟ್ ಕೊಡೋಕೆ ಯಾರೂ ಇರಲಿಲ್ಲ, ಗಾರ್ಡೇ ಇಳಿದು ಬಂದು ಕೊಡುತ್ತಿದ್ದರು. ರಸ್ತೆ ಅಡ್ಡ ಬಂದರೆ ರೈಲು ನಿಲ್ಲಿಸಿ, ಒಬ್ಬರು ಇಳಿದು ಗೇಟು ಹಾಕಿ, ರೈಲು ದಾಟಿದ ಮೇಲೆ ಮತ್ತೆ ತೆಗೆದು ಓಡಿ ಬಂದು ಹತ್ತಬೇಕಿತ್ತು. ನಿಧಾನ ನಿಜ. ಆದರೆ ಬಸ್ಸಿನ ದುಡ್ಡು ಹೊಂದಿಸಲಾಗದ ಕೂಲಿಯವರಿಗೆ ಅದೇ ಆಸರೆಯಾಗಿತ್ತು ಅಲ್ವಾ?

ಈಗ ಅದು ನಿಂತಿದೆ. ಲಾಭ ಇಲ್ಲ ಅಂತ ಲೆಕ್ಕ ಹಾಕುವವರು ಆ ಹಳ್ಳಿಯವರ ಖರ್ಚನ್ನೂ ಲೆಕ್ಕಕ್ಕೆ ಹಿಡಿಯಬೇಕಿತ್ತು. ಹಳಿ ಅಗಲಿಸಿ ಬ್ರಾಡ್‌ಗೇಜ್ ಮಾಡಿಯಾದರೂ ಆ ಊರುಗಳಿಗೆ ಮತ್ತೆ ರೈಲು ಕೊಡಲಿ.