ಕೊರೊನಾ ಕೊಟ್ಟು ಹೋದ ಶುಗರ್

ಕಾಲು ಜುಮ್ಮೆನ್ನುತ್ತೆ ಅಂತ ಮೊನ್ನೆ ಸೋಮವಾರ ಚಿಕ್ಕಪ್ಪನನ್ನು ತಿಪಟೂರಿನಲ್ಲೇ ಒಬ್ಬರು ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿದ್ದೆ. ಚಿಕ್ಕ ವಯಸ್ಸಿನ ಡಾಕ್ಟರಮ್ಮ.

"ಶುಗರ್ ಯಾವಾಗಿಂದ?"

"ಅದು ಕೊರೊನಾ ಕೊಟ್ಟು ಹೋಗಿದ್ದು ಮೇಡಂ."

ಕೊಬ್ಬರಿ ಮಂಡಿಯಲ್ಲಿ, ಮದುವೆ ಮನೆ ಪಂಕ್ತಿಯಲ್ಲಿ, ಎಲ್ಲ ಕಡೆ ಚಿಕ್ಕಪ್ಪ ಹೇಳುವ ಮಾತಿದು. ಕೇಳಿದವರು ಅಯ್ಯೋ ಪಾಪ ಅನ್ನುತ್ತಾರೆ. ಈಕೆ ಅನ್ನಲಿಲ್ಲ.

"ಅದಕ್ಕೆ ಮುಂಚೆ ಯಾವತ್ತಾದ್ರೂ ಚೆಕ್ ಮಾಡಿಸಿದ್ರಾ?"

ಚಿಕ್ಕಪ್ಪ ನನ್ನ ಮುಖ ನೋಡಿದರು. ನಾನು ಗೋಡೆಯ ಕ್ಯಾಲೆಂಡರ್ ನೋಡಿದೆ. ಪೊಲೀಸರ ಥರ ಕೇಳ್ತಾಳಲ್ಲ ಅಂತ ಸಿಟ್ಟೂ ಬಂತು. ಆದರೆ ಆ ಪ್ರಶ್ನೆ ನನ್ನ ಜೊತೆ ಮನೆಗೂ ಬಂತು.

ಚಿಕ್ಕಪ್ಪ ಸುಳ್ಳು ಹೇಳುವವರಲ್ಲ. 2021ರ ಮೇ ತಿಂಗಳು ಆಸ್ಪತ್ರೆ ಸೇರಿದಾಗ ಆಕ್ಸಿಜನ್ ಹಾಕಿದ್ದರು, ಸ್ಟೆರಾಯ್ಡ್ ಕೊಟ್ಟಿದ್ದರು. ಕೊಡದೆ ಇರೋ ಹಾಗೂ ಇರಲಿಲ್ಲ. ಆಕ್ಸಿಜನ್ ಬೇಕಾದವರ ಜೀವ ಉಳಿಸಲು ಡೆಕ್ಸಾಮೆಥಾಸೋನ್ ಅನ್ನೋ ಸ್ಟೆರಾಯ್ಡ್ ಕೆಲಸ ಮಾಡುತ್ತೆ ಅಂತ 2020ರ ಜೂನ್‌ನಲ್ಲೇ ಇಂಗ್ಲೆಂಡಿನ ದೊಡ್ಡ ಪ್ರಯೋಗದಲ್ಲಿ ಗೊತ್ತಾಗಿತ್ತು. ಜೀವ ಉಳಿಸುವ ಅದೇ ಔಷಧಿ ಶುಗರನ್ನೂ ಏರಿಸುತ್ತೆ. ನಾಲ್ಕನೇ ದಿನ ಚಿಕ್ಕಪ್ಪನದು 380.

ಮನೆಗೆ ಬಂದ ಮೇಲೆ ಬ್ಲ್ಯಾಕ್ ಫಂಗಸ್ ಭಯ. ಶುಗರ್ ಏರಿದ್ದು, ಮೇಲೆ ಸ್ಟೆರಾಯ್ಡ್ ತಗೊಂಡಿದ್ದು, ಆ ಬೂಷ್ಟಿಗೆ ಇನ್ನೇನು ಬೇಕು. ಚಿಕ್ಕಮ್ಮ ದಿನಾ ಬೆಳಿಗ್ಗೆ ಟಾರ್ಚ್ ಹಿಡಿದು, "ಬಾಯಿ ತೆಗೀರಿ, ಅಂಗುಳ ನೋಡ್ತೀನಿ. ಮೂಗು ಕಟ್ಟಿದೆಯಾ? ಕೆನ್ನೆ ನೋಯುತ್ತಾ?" ಅನ್ನೋರು. ಟಾರ್ಚ್ ಕೆಳಗಿಟ್ಟು ಕಷಾಯ ಕೊಡೋರು, ದಿನಕ್ಕೆ ಮೂರು ಸಲ, ಇಷ್ಟುದ್ದ ಬೆಲ್ಲದ ಅಚ್ಚು ಹಾಕಿ. ಬೆಲ್ಲ ತಾನೇ, ಸಕ್ಕರೆ ಅಲ್ವಲ್ಲ! ನಾನೂ ಪಕ್ಕದಲ್ಲೇ ಕೂತಿದ್ದೆ, ಏನೂ ಅನ್ನಲಿಲ್ಲ. ಸ್ಟೆರಾಯ್ಡ್ ನಿಂತ ಮೇಲೆ ಶುಗರ್ ಇಳಿಯಿತು, ಆದರೆ ಪೂರ್ತಿ ಇಳಿಯಲೇ ಇಲ್ಲ.

ಬುಧವಾರ ಯಾವುದೋ ಪಹಣಿ ಹುಡುಕಲು ಬೀರು ತೆಗೆದೆ. ಇನ್ಶೂರೆನ್ಸ್ ಫೈಲಿನಲ್ಲಿ ಚಿಕ್ಕಪ್ಪನ 2019ರ ರಕ್ತದ ರಿಪೋರ್ಟ್ ಇತ್ತು. ಖಾಲಿ ಹೊಟ್ಟೆ ಶುಗರ್ 118. ನೂರರ ಒಳಗಿದ್ದರೆ ಸರಿ, 126 ಮುಟ್ಟಿದರೆ ಕಾಯಿಲೆ. ಇದು ನಡುವಿನದು. ಪಾಲಿಸಿ ಆಯ್ತಲ್ಲ ಅಂತ ಕಾಗದ ಫೈಲಿಗೆ ಹೋಗಿತ್ತು, ಅಷ್ಟೇ.

ಇಂಥ ಅಂಚಿನಲ್ಲಿ ನಿಂತವರು ದೇಶದಲ್ಲಿ 13.6 ಕೋಟಿ, ಆಗಲೇ ಕಾಯಿಲೆ ಇರುವವರು 10.1 ಕೋಟಿ ಅಂತ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಅಧ್ಯಯನ 2023ರಲ್ಲಿ ಲೆಕ್ಕ ಕೊಟ್ಟಿತು. ಅದರಲ್ಲಿ ಎಷ್ಟು ಜನ ತಮ್ಮ ಕಾಗದ ಓದಿದ್ದಾರೋ.

ಕಾಗದ ನೋಡಿದ ಮೇಲೆ ಡಾಕ್ಟರಮ್ಮನ ಮಾತು ಬೇರೆ ಥರ ಕೇಳಿಸತೊಡಗಿತು. ಅವತ್ತೇ ಅವರು ಬಿಡಿಸಿ ಹೇಳಿದ್ದರು. ಶುಗರ್ ಜಾಸ್ತಿ ಇದ್ದರೆ ಸೋಂಕಿನ ಜೊತೆ ಹೋರಾಡುವ ಬಿಳಿ ರಕ್ತಕಣ ಮಂಕಾಗುತ್ತವೆ, ಕೊರೊನಾ ಜೋರಾಗುತ್ತೆ. ಕೊರೊನಾ ಜೋರಾದರೆ ಮೈ ಒತ್ತಡದ ಹಾರ್ಮೋನು ಸುರಿಸುತ್ತೆ, ಶುಗರ್ ಇನ್ನೂ ಏರುತ್ತೆ. ಇನ್ಸುಲಿನ್ ಮಾಡುವ ಜೀವಕೋಶಗಳಲ್ಲೂ ಈ ವೈರಸ್ ಸಿಕ್ಕಿದೆ. "ಕೊರೊನಾನೂ ತಳ್ಳಿರಬಹುದು ಯಜಮಾನ್ರೇ. ಆದ್ರೆ ನೀವು ಎಲ್ಲಿ ನಿಂತಿದ್ರಿ ಅಂತ ಗೊತ್ತಾಗ್ಬೇಕಲ್ಲ" ಅಂದಿದ್ದರು. ಆಗ ನಾನು ಕ್ಯಾಲೆಂಡರ್ ನೋಡ್ತಾ ಇದ್ದೆ.

ರಿಪೋರ್ಟ್ ಚಿಕ್ಕಪ್ಪನ ಕೈಗೆ ಕೊಟ್ಟೆ. ಕನ್ನಡಕ ಹಾಕಿಕೊಂಡು ಎರಡು ಸಲ ಓದಿದರು. ಮಡಿಸಿ, ಇದ್ದ ಜಾಗದಲ್ಲೇ ಇಟ್ಟು, ಬೀರುಗೆ ಬೀಗ ಹಾಕಿದರು.

ಸಂಜೆ ಪಕ್ಕದ ಮನೆಯವರು ಕಾಲಿನ ವಿಷಯ ಕೇಳಲು ಬಂದರು. "ಎಲ್ಲಾ ಆ ಕೊರೊನಾ ಕೊಟ್ಟು ಹೋಗಿದ್ದು ನೋಡಿ," ಅಂದರು ಚಿಕ್ಕಪ್ಪ. ನಾನು ಸುಮ್ನೆ ಕೂತಿದ್ದೆ. ಒಳಗಿಂದ ಬಂದ ಚಿಕ್ಕಮ್ಮ ಸಕ್ಕರೆ ಇಲ್ಲದ ಕಾಫಿ ಲೋಟವನ್ನು ಚಿಕ್ಕಪ್ಪನ ಮುಂದೆ ಸ್ವಲ್ಪ ಜೋರಾಗೇ ಕುಕ್ಕಿ ಹೋದರು.