ಭೂಗರ್ಭಕ್ಕೆ ಎರಡನೇ ಸಲ

22 ನವೆಂಬರ್ 2025, ಶನಿವಾರ

ಬ್ಲ್ಯಾಕ್ ಸಬ್ಬತ್ ಬ್ಯಾಂಡಿನ ಗಾಯಕ ಓಝಿ ಓಸ್ಬರ್ನ್ ತೀರಿಹೋದಾಗಿನಿಂದ ಅವನ ದನಿ ಇರುವುದನ್ನೆಲ್ಲ ಹೆಕ್ಕಿ ಕೇಳುತ್ತಿರುವ ರಘು ಇವತ್ತು 'ಬರೀಡ್ ಅಲೈವ್' ಹಾಡಿಗೆ ಬಂದು ಸಿಕ್ಕಿಕೊಂಡಿದ್ದಾನೆ. "ಏನೋ ಕಥೆ ಇದ್ದಂಗಿದೆ ಕಣೋ, ತಲೆಬುಡ ಗೊತ್ತಾಗ್ತಿಲ್ಲ" ಅಂತ ಫೋನು. ಗೊತ್ತಾಗೋದಾದರೂ ಹೇಗೆ? ಅದು ಕೀಬೋರ್ಡ್ ವಾದಕ ರಿಕ್ ವೇಕ್‌ಮನ್‌ನ 1999ರ 'ರಿಟರ್ನ್ ಟು ದಿ ಸೆಂಟರ್ ಆಫ್ ದಿ ಅರ್ತ್'ನದು. ಆ ಆಲ್ಬಮ್ಮೇ ಅವನದೇ 1974ರ 'ಜರ್ನಿ ಟು ದಿ ಸೆಂಟರ್ ಆಫ್ ದಿ ಅರ್ತ್'ನ ಮುಂದಿನ ಕಥೆ. ಜೂಲ್ಸ್ ವರ್ನ್‌ನ ಕಾದಂಬರಿಯ ಪ್ರೊಫೆಸರ್ ಮತ್ತವನ ಜೊತೆಗಾರರು ಐಸ್‌ಲ್ಯಾಂಡಿನ ಜ್ವಾಲಾಮುಖಿಯಲ್ಲಿ ಇಳಿದು ಇಟಲಿಯ ಸ್ಟ್ರಾಂಬೋಲಿಯಲ್ಲಿ ಹೊರಬಿದ್ದರಲ್ಲ, ಇನ್ನೂರು ವರ್ಷದ ನಂತರ ಅದೇ ದಾರಿ ಹಿಡಿಯುವ ಮೂವರದು ಇದು. (ಓಝಿ-ವೇಕ್‌ಮನ್ ನಂಟು ಹಳೆಯದು. ಬ್ಲ್ಯಾಕ್ ಸಬ್ಬತ್‌ನ 1973ರ 'ಸಬ್ರಾ ಕಡಾಬ್ರಾ' ಹಾಡಿನಲ್ಲಿ ಕೀಬೋರ್ಡ್ ವೇಕ್‌ಮನ್‌ನದೇ.)

ಮೊದಲು ಹಳೆಯದನ್ನು ಕೇಳು ಅಂದೆ. 1974ರ ಜನವರಿ 18ರಂದು ಲಂಡನ್ನಿನ ರಾಯಲ್ ಫೆಸ್ಟಿವಲ್ ಹಾಲ್‌ನಲ್ಲಿ ಲಂಡನ್ ಸಿಂಫನಿ ಆರ್ಕೆಸ್ಟ್ರಾ ಜೊತೆ ಲೈವ್ ಆಗಿ ಮುದ್ರಿಸಿದ್ದು, ಸುಮಾರು 40 ನಿಮಿಷ. ಬರೆದದ್ದು ಅದಕ್ಕಿಂತ ಹೆಚ್ಚು, ಎಲ್‌ಪಿ ತಟ್ಟೆಯಲ್ಲಿ ಹಿಡಿಸಲಿಲ್ಲ. ಒಂದು ಬದಿಗೆ ಇಪ್ಪತ್ತು-ಇಪ್ಪತ್ತೆರಡು ನಿಮಿಷ ದಾಟಿದರೆ ಗೀರುಗಳನ್ನು ಒತ್ತೊತ್ತಾಗಿ ಕೊರೆಯಬೇಕು. ಆಗ ಸದ್ದಿನ ಮಟ್ಟ ಇಳಿಸಬೇಕು, ಬಾಸ್ ಸೊರಗುತ್ತದೆ, ತಟ್ಟೆಯ ಸರಸರ ಸದ್ದು ಎದ್ದು ಕೇಳುತ್ತದೆ. ಹಾಗಾಗಿ ಕತ್ತರಿ. ಆ ಕತ್ತರಿಯಿಂದಲೇ 'ಜರ್ನಿ' ಬಿಗಿಯಾಗಿದೆ ಅನ್ನುವುದು ನನ್ನ ವಾದ. 1999ಕ್ಕೆ ಸಿಡಿ ಬಂದಿತ್ತು, ಜಾಗವಿತ್ತು, ಮುಕ್ಕಾಲು ಗಂಟೆಯಲ್ಲ, ಒಂದೂಕಾಲು ಗಂಟೆ ತುಂಬಿಸಿಬಿಟ್ಟ.

ನಿರೂಪಣೆಯಲ್ಲಿ ಇದು ಎದ್ದು ಕಾಣುತ್ತದೆ. 'ಜರ್ನಿ'ಯಲ್ಲಿ ಡೇವಿಡ್ ಹೆಮಿಂಗ್ಸ್‌ನ ಮಾತು ಸಂಗೀತದೊಳಗೇ ಬರುತ್ತದೆ, ಹರಿಕಥೆಯಲ್ಲಿ ದಾಸರು ಮಾತಿನಿಂದ ಪದಕ್ಕೆ ಜಾರಿದಂತೆ. 'ರಿಟರ್ನ್'ನಲ್ಲಿ ಪ್ಯಾಟ್ರಿಕ್ ಸ್ಟೀವರ್ಟ್‌ನ ಮಾತಿಗೆ ಬೇರೆಯೇ ಟ್ರ್ಯಾಕ್. ದನಿಯೇನೋ ಭರ್ಜರಿ, ಆದರೆ ಪ್ರತಿ ಸಲ ಓಟ ನಿಲ್ಲುತ್ತದೆ. ಶಫಲ್ ಹಾಕಿದರಂತೂ ಕಥೆ ಮುಗಿಯಿತು. ಶಫಲ್ ಬಂದ್ ಮಾಡು, ಒಂದು ಹಾಡಿನ ಕೊನೆಯನ್ನು ಮುಂದಿನದರ ಮೊದಲಿಗೆ ಬೆರೆಸುವ ಕ್ರಾಸ್‌ಫೇಡ್ ಸೊನ್ನೆಗೆ ಇಡು, ಮೊದಲ ಸಲ ಏನೂ ಹಾರಿಸಬೇಡ. ಎರಡನೇ ಸಲಕ್ಕೆ ಮಾತಿನ ಟ್ರ್ಯಾಕ್ ತೆಗೆದು ಪ್ಲೇಲಿಸ್ಟ್ ಮಾಡಿಕೋ. ಜಸ್ಟಿನ್ ಹೇವರ್ಡ್‌ನ 'ಸ್ಟಿಲ್ ವಾಟರ್ಸ್ ರನ್ ಡೀಪ್' ಆಗ ಎಷ್ಟು ಚೆನ್ನಾಗಿ ಕೂರುತ್ತದೆ ನೋಡು.

"ಕೀಬೋರ್ಡಲ್ಲಿ ಏನು ಗಮನಿಸ್ಲಿ?"

ಮಿನಿಮೂಗ್ ಅನ್ನುವ ಅನಲಾಗ್ ಸಿಂತ್. ಒಂದು ಸಲಕ್ಕೆ ಒಂದೇ ಸ್ವರ. ದನಿ ಹುಟ್ಟಿಸುವ ಆಸಿಲೇಟರ್ ಮೂರು, ಒಂದನ್ನು ಕೂದಲೆಳೆಯಷ್ಟು ಶ್ರುತಿ ತಪ್ಪಿಸಿಟ್ಟರೆ ದನಿ ದಪ್ಪಗಾಗುತ್ತದೆ. ವೇದಿಕೆಯ ದೀಪದ ಕಾವಿಗೆ ಶ್ರುತಿ ಜಾರುತ್ತದೆ. ಆರ್ಕೆಸ್ಟ್ರಾ ವೇಕ್‌ಮನ್‌ಗಾಗಿ ಶ್ರುತಿ ಬದಲಿಸುವುದಿಲ್ಲ, ಅವನೇ ತಿರುಗಿಸಿ ತಿರುಗಿಸಿ ಸೇರಿಸಿಕೊಳ್ಳಬೇಕು. ಟೇಪಿನಲ್ಲಿ ಮುದ್ರಿಸಿಟ್ಟ ವಾದ್ಯಗಳ ದನಿ ನುಡಿಸುವ ಮೆಲೊಟ್ರಾನ್ ಇನ್ನೊಂದು ಕಾಟ: ಪ್ರತಿ ಕೀಲಿಗೆ ಒಂದು ಟೇಪು, ಎಂಟು ಸೆಕೆಂಡಿಗೆ ಮುಗಿಯುತ್ತದೆ. ಬೆರಳೆತ್ತಿದರೆ ಸ್ಪ್ರಿಂಗು ಎಳೆದು ಮೊದಲಿಗೆ ತರುತ್ತದೆ. ಎಲ್ಲ ಬೆರಳನ್ನು ಒಟ್ಟಿಗೆ ಎತ್ತಿದರೆ ಸದ್ದು ಕಡಿದುಹೋಗುತ್ತದೆ, ಒಂದೊಂದಾಗಿ ಬದಲಿಸಬೇಕು. ಡಿಜಿಟಲ್ ಸಿಂತ್‌ನಲ್ಲಿ ಕೈ ಇಟ್ಟಷ್ಟು ಹೊತ್ತೂ ದನಿ ನಿಲ್ಲುತ್ತದೆ, ಆ ಅವಸರ ಎಲ್ಲಿಂದ ಬರಬೇಕು?

ಆದರೆ ಒಂದು ತಕರಾರು. ಕಳೆದುಹೋಗಿದ್ದ ಸ್ವರಲಿಪಿ ಸಿಕ್ಕ ಮೇಲೆ, 2012ರಲ್ಲಿ, ಬಿಟ್ಟ ಭಾಗಗಳನ್ನೂ ಸೇರಿಸಿ 'ಜರ್ನಿ'ಯನ್ನು ಸ್ಟುಡಿಯೋದಲ್ಲಿ ಮತ್ತೆ ಮಾಡಿದ. ಅದು ಉದ್ದವಾಗಿಯೂ ಸಡಿಲ ಅನ್ನಿಸುವುದಿಲ್ಲ. ಹಾಗಾದರೆ ಕತ್ತರಿಯ ವಾದ...